ನಾಲ್ಕನೇ ಚಕ್ರ

ಎಲ್ಡನ್ ವಿಸ್ನರ್ ತನ್ನ ಹಳೆಯ ಪಿಕಪ್ ಟ್ರಕ್ಕಿನ ಅಡಿಯಲ್ಲಿ ಸತ್ತು ಬಿದ್ದಿದ್ದ. ಕಾಫಿಗೆ ಕರೆಯಲು ಗ್ಯಾರೇಜಿಗೆ ಬಂದ ಹೆಂಡತಿ ವರ್ನಾಗೆ ಮೊದಲು ಕಂಡದ್ದು ಅವನ ಬೂಟುಗಳು. ಟ್ರಕ್ಕನ್ನು ಎತ್ತಿ ಹಿಡಿದಿದ್ದ ಜಾಕ್ ಮಗುಚಿತ್ತು. ಟ್ರಕ್ಕಿನ ಮೂರು ಅಲ್ಯೂಮಿನಿಯಂ ಚಕ್ರಗಳು ಹೊಚ್ಚ ಹೊಸದರಂತೆ ಹೊಳೆಯುತ್ತಿದ್ದವು. ನಾಲ್ಕನೆಯದು ಇರಲೇ ಇಲ್ಲ.

ಮಿಶಿಗನ್ನಿನ ನಮ್ಮೂರಲ್ಲಿ ಚಳಿಗಾಲವಿಡೀ ರಸ್ತೆಗೆ ಉಪ್ಪು ಸುರಿಯುತ್ತಾರೆ. ಅದು ಹಿಮವನ್ನು ಕರಗಿಸುತ್ತದೋ ಇಲ್ಲವೋ, ಚಕ್ರಗಳನ್ನಂತೂ ತಿಂದು ಹಾಕುತ್ತದೆ. ಉಪ್ಪು ತಿಂದ ಆ ಚಕ್ರಗಳನ್ನು ಸ್ಯಾಂಡ್‌ಪೇಪರಿನಿಂದ ಉಜ್ಜುತ್ತಲೇ ಎಲ್ಡನ್ ಈ ಚಳಿಗಾಲ ಕಳೆದಿದ್ದ.

"ವಯಸ್ಸಾಯ್ತು, ಮೈಮರೆತಿದಾನೆ," ಎಂದ ಶೆರಿಫ್. "ಆಮೇಲೆ ಯಾವನೋ ಕಳ್ಳ ಬಂದು ಚಕ್ರ ಹೊತ್ಕೊಂಡು ಹೋಗಿದಾನೆ. ಅಷ್ಟೇ ಕಥೆ."

"ಮೈಮರೆತ್ನಾ?" ಬಾಗಿಲು ಹಿಡಿದು ನಿಂತಿದ್ದ ವರ್ನಾ ಸಿಡಿದಳು. "ಬಿಚ್ಚಿದ ಚಕ್ರನ ಟ್ರಕ್ಕಿನಡಿ ಮಲಗಿಸದೆ ಎಲ್ಡನ್ ಯಾವತ್ತೂ ಕೆಳಗೆ ಹೋದೋನಲ್ಲ. ಜಾಕ್ ಜಾರಿದ್ರೂ ಭಾರ ಚಕ್ರದ ಮೇಲೆ ಕೂರ್ಲಿ ಅಂತ. ಮರ್ತು ಸತ್ತ ಅಂತ ಊರೆಲ್ಲ ಆಡ್ಕೊಂಡ್ರೆ ನಾನು ಹೇಗೆ ತಡ್ಕೊಳ್ಲಿ, ರೊವೀನಾ?"

ಶೆರಿಫನ ಕೈಕೆಳಗಿನ ಪೊಲೀಸ್ ಅಧಿಕಾರಿ ರೊವೀನಾ ಪ್ರೂಯಿಟ್ ಆಗಲೇ ಮಂಡಿಯೂರಿದ್ದಳು. ಚಕ್ರದಡಿ ಹಾಸುವ ಹಳೆಯ ಕಂಬಳಿ ಯಾರೋ ಎಳೆದಂತೆ ಜಾಕಿನ ಕಡೆಗೆ ಸರಿದು ಮುದ್ದೆಯಾಗಿತ್ತು. ಅದರ ಇನ್ನೊಂದು ತುದಿ ಟ್ರಕ್ಕಿನ ಅಡಿಗೆ ಸಿಕ್ಕಿಕೊಂಡಿತ್ತು.

"ಚಕ್ರ ಇಲ್ಲೇ ಇತ್ತು," ಎಂದಳು. "ಟ್ರಕ್ ಬೀಳೋಕ್ ಮುಂಚೆ ಯಾರೋ ಎಳ್ದಿದಾರೆ. ಬಿದ್ಮೇಲೆ ಎಳೆದಿದ್ರೆ ಕಂಬಳಿ ಹೀಗೆ ಅಡಿಗೆ ಸಿಕ್ಕೊಳ್ತಿರ್ಲಿಲ್ಲ."

* * *

ಚಕ್ರ ಕದಿಯುವುದರಲ್ಲಿ ನಮ್ಮೂರಿಗೆ ಒಬ್ಬನೇ ಹೆಸರುವಾಸಿ, ಡ್ವೇನ್ ಟ್ರಾಸ್ಕ್. ರೊವೀನಾ ಹೋದಾಗ ಅವನು ಮೊಟ್ಟೆ ಹುರಿಯುತ್ತಿದ್ದ.

"ಬಾ ತಾಯಿ, ಊರಲ್ಲಿ ಸೂಜಿ ಕಳೆದ್ರೂ ನನ್ನ ಮನೆಗೇ ಬರ್ತೀಯ."

"ಎಲ್ಡನ್ ಚಕ್ರ ಎಲ್ಲಿ?"

"ಎಷ್ಟು ಹೋಗಿವೆ?"

"ಒಂದು. ಪಾಲಿಶ್ ಇನ್ನೂ ಮುಗಿದಿರ್ಲಿಲ್ವಂತೆ."

ಡ್ವೇನ್ ನಕ್ಕುಬಿಟ್ಟ. "ಥಳಥಳ ಅನ್ನೋ ಮೂರು ಬಿಟ್ಟು ಮಸಿ ಹಿಡಿದಿರೋದನ್ನ ಹೊತ್ಕೊಂಡು ಬರೋಕೆ ನನಗೇನು ತಲೆ ಕೆಟ್ಟಿದೆಯಾ? ಒಂಟಿ ಚಕ್ರನ ಯಾರು ಕೊಳ್ತಾರೆ? ಅದು ಕಳ್ಳನ ಕೆಲಸ ಅಲ್ಲ ಕಣಮ್ಮ. ಅದೇ ಬೇಕು ಅಂದೋನು ಯಾರೋ ಇದಾನೆ." ನಗು ನಿಲ್ಲಿಸಿ ಒಲೆ ಆರಿಸಿದ. "ಎಲ್ಡನ್ ಒಳ್ಳೇ ಮನುಷ್ಯ."

* * *

ವರ್ನಾಳ ಅಡುಗೆಮನೆಯ ತುಂಬ ನೆರೆಯವರು ತಂದಿಟ್ಟ ಊಟದ ಪಾತ್ರೆಗಳು. ಎಲ್ಡನ್‌ನ ತಮ್ಮ ನಾರ್ಬರ್ಟ್ ಮೂಲೆಯಲ್ಲಿ ಕೂತು ಕಾಫಿ ಹಿಡಿದಿದ್ದ. ಒಲೆ ಉರಿಯುತ್ತಿದ್ದರೂ ಕೈಗವಸು ತೆಗೆದಿರಲಿಲ್ಲ.

"ಆ ನಾಲ್ಕನೇ ಚಕ್ರದಲ್ಲಿ ಅಂಥದ್ದೇನಿತ್ತು?" ರೊವೀನಾ ಕೇಳಿದಳು.

ವರ್ನಾ ಒಮ್ಮೆ ಮೈದುನನ ಕಡೆ ನೋಡಿದಳು. "ಅದು ಡೆನ್ನಿ ಚಕ್ರ. ನಾರ್ಬ್ ಮಗ. ಎಲ್ಡನ್ನೇ ಅವನಿಗೆ ಓಡಿಸೋಕೆ ಕಲಿಸಿದ್ದು. ಮೊದಲನೇ ದಿನಾನೇ ಫುಟ್‌ಪಾತ್ ಕಲ್ಲಿಗೆ ಉಜ್ಜಿ ಇಷ್ಟುದ್ದ ಗೀರು ಹಾಕಿದ್ದ. ಕೆರೆ ಮೇಲಿನ ಮಂಜುಗಡ್ಡೆ ಒಡೆದು ಆ ಹುಡುಗ ಮುಳುಗಿ ಹೋದ್ಮೇಲೆ ಎಲ್ಡನ್ ಅದನ್ನ ಮುಟ್ಟೋಕೇ ಹಿಂದೆಮುಂದೆ ನೋಡ್ತಿದ್ದ. ಎಲ್ಲಕ್ಕಿಂತ ಕೊನೆಗೆ ಉಜ್ಜೋಣ ಅಂತ ಇಟ್ಕೊಂಡಿದ್ದ."

"ನಾರ್ಬ್, ನೀವು ಗ್ಯಾರೇಜಿಗೆ ಹೋಗಿ ಎಷ್ಟು ದಿನ ಆಯ್ತು?"

"ಕ್ರಿಸ್‌ಮಸ್ ಆದ್ಮೇಲೆ ಕಾಲಿಟ್ಟಿಲ್ಲ."

"ಕೈಗವಸು ತೆಗೀರಿ."

ಅವನು ಕಾಫಿ ಕೆಳಗಿಟ್ಟ. ಆಮೇಲೆ ತೆಗೆದ. ಉಗುರಿನ ಸಂದಿಗಳೆಲ್ಲ ಕಪ್ಪು. ಉಜ್ಜಿದ ಅಲ್ಯೂಮಿನಿಯಂ ಮುಟ್ಟಿದವರಿಗೆ ಆ ಕಪ್ಪು ಗೊತ್ತು, ಸೋಪಿಗೆ ಜಗ್ಗುವುದಿಲ್ಲ.

* * *

ಚಕ್ರ ನಾರ್ಬರ್ಟನ ಮನೆಯಲ್ಲಿ, ಡೆನ್ನಿಯ ಹಾಸಿಗೆಯ ಮೇಲಿತ್ತು. ಯಾರೋ ಮಲಗಿದ್ದಾರೇನೋ ಎಂಬಂತೆ ನಾರ್ಬರ್ಟ್ ಅದಕ್ಕೆ ಹೊದಿಕೆ ಹೊದಿಸಿದ್ದ.

"ನಿಮಗೆ ಚಕ್ರ ಬೇಕಿರ್ಲಿಲ್ಲ, ಆ ಗೀರು ಬೇಕಿತ್ತು," ಎಂದಳು ರೊವೀನಾ. "ಅದಕ್ಕೇ ಹೊಳೆಯೋ ಮೂರನ್ನ ಮುಟ್ಲಿಲ್ಲ. ಎಲ್ಡನ್ ಕೆಳಗಿದ್ದಾಗ್ಲೇ ಎಳೆದ್ರಿ."

"ಕೊಲ್ಲೋಕೆ ಎಳೀಲಿಲ್ಲ." ನಾರ್ಬರ್ಟ್ ನೆಲದ ಮೇಲೆ ಕುಸಿದು ಕೂತ. "ಚಕ್ರ ಪೂರ್ತಿ ತಿಕ್ಕಿದ್ದ. ಗೀರಿದ್ದ ಕಡೆ ಟೇಪ್ ಅಂಟಿಸಿದ್ದ. ಅಳಿಸಿ ಮುಚ್ಚಿಬಿಟ್ಟಿದಾನೆ ಅನ್ಕೊಂಡೆ. ನನ್ನ ಮಗಂದು ಈ ಭೂಮಿ ಮೇಲೆ ಉಳಿದಿದ್ದೇ ಅಷ್ಟು! ಬಾಯಿಗೆ ಬಂದ ಹಾಗೆ ಕೂಗಾಡಿದೆ. ಅವನು ಅಡಿಯಿಂದಾನೇ 'ಬಿಡೋ, ತೋರಿಸ್ತೀನಿ ಇರು' ಅಂದ. ನಾನು ಬಿಡ್ಲಿಲ್ಲ, ಎಳೆದೆ. ಟೈರು ಜಾಕಿಗೆ ಬಡೀತು." ಅವನು ಹೊದಿಕೆಯ ಅಂಚು ಹಿಡಿದುಕೊಂಡ. "ಟ್ರಕ್ ಎತ್ತೋಕೆ ನೋಡ್ದೆ. ಆಗ್ಲಿಲ್ಲ. ಅಷ್ಟರಲ್ಲೇ ಹೋಗ್ಬಿಟ್ಟಿದ್ದ. ಹೆದರಿಕೊಂಡು ಚಕ್ರ ಎತ್ಕೊಂಡು ಓಡಿಬಂದೆ."

"ಟೇಪ್ ತೆಗೆದು ನೋಡಿದ್ರಾ?"

"ನೋಡೋಕೆ ಏನಿದೆ ಅಲ್ಲಿ?"

ರೊವೀನಾ ಟೇಪಿನ ತುದಿಗೆ ಉಗುರು ಹಾಕಿ ನಿಧಾನವಾಗಿ ಬಿಡಿಸಿದಳು.

ಗೀರು ಅಲ್ಲೇ ಇತ್ತು. ಸುತ್ತ ಎಲ್ಲ ಕಡೆ ಉಜ್ಜಿದ್ದ ಎಲ್ಡನ್, ಅದಕ್ಕೆ ಸ್ಯಾಂಡ್‌ಪೇಪರ್ ತಾಗಬಾರದೆಂದೇ ಟೇಪ್ ಅಂಟಿಸಿದ್ದ.

ನಾರ್ಬರ್ಟ್ ಕಪ್ಪು ಹಿಡಿದ ಹೆಬ್ಬೆರಳನ್ನು ಗೀರಿನ ಮೇಲಿಟ್ಟ. ಅವನ ಬಾಯಿಂದ ಬಂದದ್ದು ಅಳುವೋ ಅಣ್ಣನ ಹೆಸರೋ, ರೊವೀನಾಗೆ ತಿಳಿಯಲಿಲ್ಲ. ಅವನ ಪಕ್ಕದಲ್ಲೇ ನೆಲದ ಮೇಲೆ ಕೂತಳು. ಕೈಗೆ ಕೋಳ ತೊಡಿಸುವ ಅವಸರ ಅವಳಿಗಿರಲಿಲ್ಲ.

"ಅತ್ತಿಗೆಗೆ ಏನ್ ಹೇಳ್ತೀಯ?" ಕೊನೆಗೆ ಕೇಳಿದ.

"ಇದ್ದಿದ್ದನ್ನೇ," ಎಂದಳು ರೊವೀನಾ. "ಎಲ್ಡನ್ ಏನನ್ನೂ ಮರೆತಿರ್ಲಿಲ್ಲ ಅಂತ."