ಕೊರಿಗನ್ ಹಾಕದ ಹನ್ನೆರಡು ಅಂಕ

ಭಾನುವಾರ ಸಂಜೆ ಐದಕ್ಕೆ ಕಾರ್ವರ್ ಫಾಲ್ಸ್ ರೇಡಿಯೊ ನಿಲಯದ ಮ್ಯಾನೇಜರು ಸ್ಟುಡಿಯೊ ಬಾಗಿಲು ತೆಗೆದರು. ಟೆಲಿಗ್ರಾಫ್ ತಂತಿ ಯಂತ್ರದ ಮುಂದೆ ವೆರ್ನ್ ಟೀಟರ್ ಮೇಜಿಗೆ ತಲೆಯೊರಗಿಸಿ ಕೂತಿದ್ದ. ನಿದ್ದೆ ಹೋಗಿರಬೇಕೆಂದು ಭುಜ ಅಲುಗಿಸಿದರು. ತಲೆಯ ಹಿಂಭಾಗ ಒಡೆದಿತ್ತು. ರಕ್ತ ಆಗಲೇ ಹೆಪ್ಪುಗಟ್ಟಿತ್ತು.

೧೯೫೩ರ ಜನವರಿ. ನಾನು ಹಾಲರನ್, ಊರಿನ ಪತ್ರಿಕೆಯ ಕ್ರೀಡಾ ವರದಿಗಾರ. ನಮ್ಮ ಬ್ಯಾಸ್ಕೆಟ್‌ಬಾಲ್ ತಂಡ ಹ್ಯಾಮರ್ಸ್ ಪರವೂರಿನಲ್ಲಿ ಆಡುವಾಗ ರೇಡಿಯೊದವರು ಜೊತೆಗೆ ಹೋಗುತ್ತಿರಲಿಲ್ಲ. ಆಟದ ವಿವರ ತಂತಿಯಲ್ಲಿ ಟಕಟಕ ಬರುತ್ತಿತ್ತು. ಆ ಸಂಕೇತ ಭಾಷೆ ಬಲ್ಲ ಟೀಟರ್ ಅದನ್ನು ಕೇಳಿ ಚೀಟಿಯಲ್ಲಿ ಬರೆದುಕೊಡುತ್ತಿದ್ದ. ಪಕ್ಕದಲ್ಲಿ ಕೂತ ಲೈಲ್ ಪ್ರೆಂಟಿಸ್ ಆ ಒಣ ಚೀಟಿಗೆ ಜೀವ ತುಂಬಿ, ಕಣ್ಣಾರೆ ಕಂಡವನಂತೆ ಮೈಕಿನಲ್ಲಿ ಹೇಳುತ್ತಿದ್ದ. ಜನರ ಕೂಗಿಗೆ ಗ್ರಾಮಫೋನ್ ತಟ್ಟೆ, ಚೆಂಡಿನ ಸದ್ದಿಗೆ ಹಲಗೆಯ ಮೇಲೊಂದು ಮರದ ಸುತ್ತಿಗೆ. ಊರಿಗೆ ಊರೇ ಕಿವಿಗೊಟ್ಟು ಕೂರುತ್ತಿತ್ತು.

ಅಂದು ಡನ್‌ಬರಿಯಲ್ಲಿ ಆಟ ಮುಗಿದದ್ದು ಮುಕ್ಕಾಲು ನಾಲ್ಕಕ್ಕೆ. ನಾಲ್ಕರಿಂದ ಪ್ರೆಂಟಿಸ್ ಚರ್ಚಿನ ಊಟದಲ್ಲಿ ಇನ್ನೂರು ಜನರ ನಡುವೆ ಇದ್ದ.

"ನಾನು ಹೊರಟಾಗ ವೆರ್ನ್ ಚೆನ್ನಾಗೇ ಇದ್ದ," ಎಂದ ಪ್ರೆಂಟಿಸ್. "ಅವನು ಚೀಟಿ ಕೊಡದೆ ನಾನು ಆಟ ಹೇಗೆ ಹೇಳ್ಲಿ? ಕೊನೇವರೆಗೂ ನೀವೇ ಕೇಳಿದ್ರಲ್ಲ."

ಪೊಲೀಸ್ ಲೆಫ್ಟಿನೆಂಟ್ ಬ್ರಾಟ್ ಕೂಡ ಕೇಳಿದ್ದರು. ಪೊಲೀಸರಿಗೆ ಅಷ್ಟು ಸಾಕಾಯಿತು. ಕೊಲೆ ನಡೆದದ್ದು ನಾಲ್ಕರ ಮೇಲೆ ಎಂದು ತೀರ್ಮಾನಿಸಿದರು.

ಟೀಟರನ ಜೊತೆ ಜಗಳವಾಡಿದ್ದ ಭಾವಮೈದುನನನ್ನು ಮೊದಲು ಹುಡುಕಿದರು. ಅವನು ಕಾಲು ಮುರಿದುಕೊಂಡು ಆಸ್ಪತ್ರೆಯಲ್ಲಿ ಮಲಗಿದ್ದ. ಉಳಿದವನು ಕಟ್ಟಡದ ಬಾಯ್ಲರಿಗೆ ಕಲ್ಲಿದ್ದಲು ಹಾಕುವ ಯುರಾಯ್. ನಾಲ್ಕರ ಮೇಲೆ ಅಲ್ಲಿದ್ದವನು ಅವನೊಬ್ಬನೇ. ಕೈಯಲ್ಲಿ ಬೆಂಕಿ ಕೆದಕುವ ಸಲಾಕೆ ಬೇರೆ. ಮೂರು ದಿನ ನಿದ್ದೆಗೆಡಿಸಿ ಪ್ರಶ್ನೆ ಕೇಳಿದರು. ಬುಧವಾರ ಅವನು ಓದಲು ಬಾರದ ಭಾಷೆಯ ತಪ್ಪೊಪ್ಪಿಗೆ ಕಾಗದಕ್ಕೆ ಸಹಿ ಹಾಕಿದ. ಆ ಸಹಿಯ ಮುಂದಿನ ದಾರಿ ಮರಣದಂಡನೆಯ ವಿದ್ಯುತ್ ಕುರ್ಚಿಗೆ. ನಾವು ಅವನ ಫೋಟೊ ಮುಖಪುಟದಲ್ಲಿ ಹಾಕಿದೆವು. ನನಗೆ ಇಂದಿಗೂ ನಾಚಿಕೆಯಾಗುತ್ತದೆ.

* * *

ಗುರುವಾರ ಬೆಳಿಗ್ಗೆ ಅರವತ್ತರ ಹೆಂಗಸೊಬ್ಬಳು ನನ್ನ ಮೇಜಿನ ಮುಂದೆ ನಿಂತಳು. ಯುರಾಯ್‌ನ ಅಕ್ಕ, ಜೂಜಾನಾ. ಬೈಯಲು ಬಂದಿದ್ದಾಳೆಂದುಕೊಂಡೆ.

"ಸೋಮವಾರದ ಪೇಪರಲ್ಲಿ ಹ್ಯಾಮರ್ಸ್‌ನ ಕೊರಿಗನ್‌ಗೆ ಹನ್ನೊಂದು ಅಂಕ ಅಂತ ಹಾಕಿದ್ರಿ," ಎಂದಳು.

"ಅಚ್ಚಿನ ತಪ್ಪಮ್ಮಾ. ಮಂಗಳವಾರವೇ ಇಪ್ಪತ್ಮೂರು ಅಂತ ತಿದ್ದಿದ್ವಿ."

ಊರವರೆಲ್ಲ ಫೋನು ಮಾಡಿ ನಮ್ಮ ಸಂಪಾದಕರ ಜೀವ ಹಿಂಡಿದ್ದರು. ರೇಡಿಯೊದಲ್ಲಿ ಕೊರಿಗನ್ ಇಪ್ಪತ್ಮೂರು ಹಾಕಿದ್ದನ್ನು ಎಲ್ಲರೂ ಕೇಳಿದ್ದರಲ್ಲ. ಆಟಗಾರರನ್ನೇ ಕೇಳೋಣವೆಂದರೆ ತಂಡ ಇನ್ನೂ ಪ್ರವಾಸದಲ್ಲಿತ್ತು.

"ಯಾಕೆ ತಿದ್ದಿದ್ರಿ? ಡನ್‌ಬರಿಯವರನ್ನ ಕೇಳಿದ್ರಾ?"

ಕೇಳಿರಲಿಲ್ಲ.

ಅವಳು ಚೀಲದಿಂದ ಒಂದು ಹಾಳೆ ತೆಗೆದಳು. ಹನ್ನೆರಡು ವರ್ಷದಿಂದ ಅಡುಗೆಮನೆಯಲ್ಲಿ ರೇಡಿಯೊ ಕೇಳುತ್ತಾ ಅಂಕಪಟ್ಟಿ ಬರೆಯುವವಳು. ಯಾರು ಯಾವಾಗ ಬುಟ್ಟಿಗೆ ಹಾಕಿದರು, ಯಾರಿಗೆ ಎಷ್ಟನೇ ಫೌಲ್, ಎಲ್ಲ ವರಸೆಯಾಗಿ ಇತ್ತು.

"ನಾನು ತಪ್ಪು ಬರೆಯೋಳಲ್ಲ ಕಣಪ್ಪಾ. ನಿಮ್ಮ ಪೇಪರೂ ಇಷ್ಟು ವರ್ಷ ತಪ್ಪಿಲ್ಲ. ಹಾಗಾದ್ರೆ ಸುಳ್ಳು ಹೇಳಿದ್ದು ಯಾರು?"

ಅಂಚಿನಲ್ಲಿ ಒಂದು ಕಡೆ ‘ಸಾಬೂನಿನ ಹಾಡು, ಮೂರು ಸಲ’ ಎಂದಿತ್ತು.

"ಇದೇನು?"

"ನಾಲ್ಕು ಕಾಲಾಟದಲ್ಲಿ ಮೂರನೇದರ ನಡುವೆ ಒಂದೇ ಜಾಹೀರಾತು ಮೂರು ಸಲ ಹಾಕಿದ್ರು. ಸಾರು ತಿರುವಿ ಬಂದೆ, ಇನ್ನೂ ಹಾಡ್ತಾನೇ ಇತ್ತು. ಆಮೇಲೆ ಚೆಂಡಿನ ಸದ್ದೇ ಬದಲಾಗಿತ್ತು. ಬೆರಳಲ್ಲಿ ಕುಟ್ಟಿದ ಹಾಗೆ."



ಡನ್‌ಬರಿಯ ಅಂಕಗಾರನಿಗೆ ಫೋನು ಹಚ್ಚಿದೆ. ಅವನು ತನ್ನ ಪುಸ್ತಕ ಓದಿದ. ಜೂಜಾನಾ ಹಾಳೆಯ ಮೇಲೆ ಬೆರಳಿಟ್ಟು ನಡೆದಳು. ಮೊದಲಿಂದ ೫೨–೪೯ರವರೆಗೆ ಒಂದು ಗೀಟೂ ವ್ಯತ್ಯಾಸವಿಲ್ಲ. ಸಾಬೂನಿನ ಹಾಡು ಬಂತು. ಅಲ್ಲಿಂದ ಮುಂದೆ ಒಂದೂ ಹೊಂದಲಿಲ್ಲ.

ಕೊನೆಯ ೮೧–೭೬ ಮಾತ್ರ ಸರಿಯಿತ್ತು.

ಅದು ಹೇಗೆಂದು ನನಗೆ ಗೊತ್ತಿತ್ತು. ಭಾನುವಾರ ಆಟ ಮುಗಿಯುವ ಹೊತ್ತಿಗೆ ಪ್ರೆಂಟಿಸ್ ನನ್ನ ಮೇಜಿಗೇ ಫೋನು ಮಾಡಿದ್ದ. "ತಂತಿ ಗೊರಗೊರ ಅಂತಿದೆ ಮಾರಾಯ, ಕೊನೇ ಅಂಕ ಎಷ್ಟು?" ಪತ್ರಿಕೆಗೆ ಬೇರೆ ತಂತಿಯಲ್ಲಿ ಬಂದಿದ್ದ ಅಂಕ ನೋಡಿ ಹೇಳಿದವನು ನಾನೇ.

* * *

ಮಧ್ಯಾಹ್ನ ಸ್ಟುಡಿಯೊದಲ್ಲಿ ಬ್ರಾಟ್, ನಾನು, ಪ್ರೆಂಟಿಸ್ ಮೂವರೇ. ತಂತಿ ಯಂತ್ರ ಯಾರಿಗೂ ಬೇಡವಾಗಿ ಟಕಟಕ ಎನ್ನುತ್ತಿತ್ತು.

"ಕೊನೇ ಕಾಲಾಟದಲ್ಲಿ ಕೊರಿಗನ್ ಎಷ್ಟು ಹಾಕ್ದ?" ಎಂದೆ.

"ಹನ್ನೆರಡು. ಅಂಥಾ ಕೈ ನಾನು ನೋಡೇ ಇಲ್ಲ."

"ಚೀಟಿ ಕೊಟ್ಟಿದ್ದು ವೆರ್ನೇನಾ?"

"ಒಂದೊಂದೂ ಅವನೇ ಕೊಟ್ಟಿದ್ದು."

"ಕೊರಿಗನ್‌ಗೆ ಮೂರನೇ ಕಾಲಾಟದಲ್ಲೇ ಆರನೇ ಫೌಲ್ ಆಯ್ತು, ಆಟದಿಂದ ಹೊರಗೆ," ಎಂದೆ. "ಕೊನೇ ಕಾಲಾಟ ಪೂರ್ತಿ ಅವನು ಬೆಂಚಿನ ಮೇಲೆ ಟವೆಲ್ ಹೊದ್ದು ಕೂತಿದ್ದ. ತಂತಿ ಅದನ್ನೂ ಹೇಳ್ತು. ಆದ್ರೆ ತಂತಿ ಭಾಷೆ ಬರ್ತಿದ್ದಿದ್ದು ವೆರ್ನ್‌ಗೆ, ನಿನಗಲ್ಲ. ಹಾಡು ಮೂರು ಸಲ ಓಡೋವಾಗ ವೆರ್ನ್ ಸತ್ತ. ಆಗ ಈ ಕೋಣೇಲಿ ಇದ್ದಿದ್ದು ನೀವಿಬ್ಬರೇ. ಆಮೇಲೆ ನೀನು ಹೇಳಿದ್ದೆಲ್ಲ ಕಟ್ಟುಕಥೆ."

"ಸುತ್ತಿಗೆ ಎಲ್ಲಯ್ಯಾ?" ಎಂದರು ಬ್ರಾಟ್. "ಹಲಗೆ ಇದೆ, ಸುತ್ತಿಗೆ ಇಲ್ಲ."

ಪ್ರೆಂಟಿಸ್ ಹಲಗೆಯನ್ನು ದೂರ ತಳ್ಳಿದ.

"ಬಾಯ್ಲರಿಗೆ ಹಾಕಿದೆ," ಎಂದ. ರೇಡಿಯೊದಲ್ಲಿ ಕೇಳುತ್ತಿದ್ದ ಅದೇ ತುಂಬು ಧ್ವನಿ. "ಅಂಕ ಬಿಟ್ಟು, ಚೀಟೀಲಿ ಇಲ್ಲದ ಜಗಳ ಗಾಯ ಎಲ್ಲ ನಾನು ಸೇರಿಸ್ತೀನಂತೆ, ಮ್ಯಾನೇಜರಿಗೆ ಹೇಳ್ತೀನಿ ಅಂದ ವೆರ್ನ್. ನನ್ನ ಕೆಲಸ ಹೋಗ್ತಿತ್ತು. ಒಂದೇ ಏಟು ಹೊಡೆದಿದ್ದು. ಮೈಕು ಕಾಯ್ತಿತ್ತು, ಹೇಳ್ತಾ ಹೋದೆ."

ಹೆಣದ ಪಕ್ಕ ಕೂತು ಅರ್ಧ ಗಂಟೆಗೂ ಹೆಚ್ಚು ಹೊತ್ತು ಹೇಳಿದ್ದ. ಕೇಳುತ್ತಾ ನಾವೆಲ್ಲ ಚಪ್ಪಾಳೆ ತಟ್ಟಿದ್ದೆವು.

* * *

ಠಾಣೆಯಲ್ಲಿ ಬ್ರಾಟ್ ಸಹಿಯ ಕಾಗದವನ್ನು ಹರಿದರು. ಯುರಾಯ್‌ನನ್ನು ಹೊರಗೆ ತಂದರು. ಬೆಳಕಿಗೆ ಕಣ್ಣು ಕಿರಿದು ಮಾಡಿ ನಿಂತ.

"ಬಾರೋ, ಮನೆಗೆ ಹೋಗೋಣ," ಎಂದಳು ಜೂಜಾನಾ. "ನೀನು ಮಾಡಿಲ್ಲ ಅಂತ ಗೊತ್ತಾಯ್ತು."

ಅವನು ಅಕ್ಕನ ಮುಖವನ್ನೇ ನೋಡಿದ.

"ನಿಜವಾಗ್ಲೂ ಮಾಡಿಲ್ವಾ ಅಕ್ಕಾ? ಎಲ್ಲರೂ ಹೇಳಿ ಹೇಳಿ, ಸಲಾಕೆ ಎತ್ತಿದ್ದು, ಅವನು ಬಿದ್ದಿದ್ದು, ಎಲ್ಲ ನನಗೆ ಕಾಣೋಕೆ ಶುರುವಾಗಿತ್ತು."

ಜೂಜಾನಾ ಅವನ ಕೋಟಿನ ಗುಂಡಿಗಳನ್ನು ಒಂದೊಂದಾಗಿ ಹಾಕತೊಡಗಿದಳು.