ಒಂದೇ ನಂಬರಿನ ಎರಡು ಕಾಗದ

ಸೋಮವಾರ, ಹತ್ತೊಂಬತ್ತನೇ ತಾರೀಕು, ಬೆಳಿಗ್ಗೆ ಹತ್ತು ಇಪ್ಪತ್ತಕ್ಕೆ ಠಾಣೆಗೆ ಬಂದ ದೂರು ಒಂದು ಪ್ಲಾಸ್ಟಿಕ್ ಕವರಿನೊಳಗಿತ್ತು. ತಂದವಳು ನ್ಯಾಯಾಲಯದ ಹಿಂದಿನ ಬೀದಿಯಲ್ಲಿ ಜೆರಾಕ್ಸ್ ಅಂಗಡಿ ಇಟ್ಟಿದ್ದ ಹೆಂಗಸು. ಠಾಣೆಯ ಯಂತ್ರ ಕೆಟ್ಟಾಗಲೆಲ್ಲ, ಅಂದರೆ ವಾರಕ್ಕೆ ಮೂರು ದಿನ, ಪೇದೆಗಳು ಅವಳಲ್ಲಿಗೇ ಓಡುತ್ತಿದ್ದುದರಿಂದ ಎಲ್ಲರ ಬಾಯಲ್ಲೂ ಅವಳು ಜೆರಾಕ್ಸಕ್ಕ. ಅಂದು ಮಾತ್ರ ಹೆಡ್ ಕಾನ್‌ಸ್ಟೇಬಲ್ ಅವಳನ್ನು ಕಂಡವನೇ ತಲೆ ತಗ್ಗಿಸಿ ರಿಜಿಸ್ಟರಿನಲ್ಲಿ ಏನನ್ನೋ ಹುಡುಕತೊಡಗಿದ. ಅವಳ ತಮ್ಮ ಮೂರು ದಿನಗಳಿಂದ ಜೈಲಿನಲ್ಲಿದ್ದ. ಹಿಡಿದು ಕಳಿಸಿದ್ದು ಇದೇ ಠಾಣೆ.

ತಮ್ಮ ಲಿಫ್ಟ್ ಮೆಕ್ಯಾನಿಕ್. ಹಿಂದಿನ ಬುಧವಾರ, ಹದಿನಾಲ್ಕನೇ ತಾರೀಕು, ಮಧ್ಯಾಹ್ನ ಎರಡು ಐವತ್ತಕ್ಕೆ ಐದು ಅಂತಸ್ತಿನ ಬಟ್ಟೆ ಗೋದಾಮಿನ ಲಿಫ್ಟ್ ನಾಲ್ಕನೇ ಮಹಡಿಯಿಂದ ಬಿದ್ದಿತ್ತು. ಒಳಗೆ ನೆಲ ಒರೆಸುವ ಹೆಂಗಸು ಎರಡು ತುಂಬಿದ ಬಕೆಟ್‌ಗಳೊಂದಿಗೆ ನಿಂತಿದ್ದಳು. ಬಾಗಿಲು ಕತ್ತರಿಸಿ ತೆಗೆಯುವಷ್ಟರಲ್ಲಿ ಅವಳ ಜೀವ ಹೋಗಿತ್ತು. ಮರುದಿನ ಹನ್ನೊಂದು ಐದಕ್ಕೆ ಠಾಣೆಯವರು ಲಿಫ್ಟ್ ಸುರಕ್ಷತಾ ಕಚೇರಿಯ ವೆಬ್‌ಸೈಟಿನಲ್ಲಿ ಕಟ್ಟಡದ ನಂಬರ್ ಹಾಕಿ, ಗುಂಡಿ ಒತ್ತಿ, ತಪಾಸಣಾ ವರದಿಯನ್ನು ಡೌನ್‌ಲೋಡ್ ಮಾಡಿಕೊಂಡಿದ್ದರು. ಬ್ರೇಕ್ ಸವೆದಿದೆ, ಲಿಫ್ಟ್ ನಿಲ್ಲಿಸುವಂತೆ ಮೆಕ್ಯಾನಿಕ್‌ಗೆ ಸ್ಥಳದಲ್ಲೇ ತಿಳಿಸಲಾಗಿದೆ, ಅವನು ಒಪ್ಪಿದ್ದಾನೆ ಎಂದು ಅದರಲ್ಲಿತ್ತು. ಶುಕ್ರವಾರ ಮೆಕ್ಯಾನಿಕ್‌ನನ್ನು ಬಂಧಿಸಿದರು.

ಕಚೇರಿಯವರು ಬಂದೇ ಇಲ್ಲ, ತಪಾಸಣೆ ಮಾಡಿ ಅಂತ ಅರ್ಜಿ ಹಾಕಿದ್ದೇ ನಾನು ಎಂದು ಅವನು ಹೇಳಿದ್ದ. ಸಿಕ್ಕಿಬಿದ್ದವರೆಲ್ಲ ಹೇಳುವುದು ಇದನ್ನೇ ಎಂದು ಇನ್‌ಸ್ಪೆಕ್ಟರ್ ಮೇಡಂ ಅದನ್ನು ಕಿವಿಯ ಮೇಲೆ ಹಾಕಿಕೊಂಡಿರಲಿಲ್ಲ.

ಜೆರಾಕ್ಸಕ್ಕ ಕವರಿನಿಂದ ಎರಡು ಕಾಗದಗಳನ್ನು ತೆಗೆದು ಮೇಜಿನ ಮೇಲೆ ಜೋಡಿಸಿಟ್ಟಳು.

"ಇದು ತಮ್ಮ ಕೇಳ್ದ ಅಂತ ಆರನೇ ತಾರೀಕು ನಾನು ಡೌನ್‌ಲೋಡ್ ಮಾಡಿದ್ದು ಮೇಡಂ. ಇದು ನೀವು ಕೋರ್ಟಿಗೆ ಕೊಟ್ಟಿದ್ದು. ನಂಬರ್ ಒಂದೇ. ತಪಾಸಣೆ ತಾರೀಕೂ ಒಂದೇ, ಎರಡನೇದು."

ಮೊದಲ ಕಾಗದದಲ್ಲಿ ಬ್ರೇಕಿನ ಮುಂದೆ 'ಸುಸ್ಥಿತಿ' ಎಂದಿತ್ತು. ಕೊನೆಯಲ್ಲಿ 'ಬಳಕೆಗೆ ಯೋಗ್ಯ'. ಮೆಕ್ಯಾನಿಕ್‌ನ ಸುದ್ದಿಯೇ ಇರಲಿಲ್ಲ.

"ನಿಮ್ಮ ಅಂಗಡೀಲಿ ಏನು ಬೇಕಾದ್ರೂ ತಯಾರಾಗತ್ತಲ್ಲ."

"ಆಗತ್ತೆ. ನೀವು ಹಾಗೇ ಅಂತೀರ ಅಂತ ಗೊತ್ತಿತ್ತು. ಅದಕ್ಕೇ ಕಂಪ್ಯೂಟರ್ ಮುಟ್ಟಿಲ್ಲ, ಅಂಗಡಿಗೆ ಬೀಗ ಹಾಕಿ ಬಂದಿದೀನಿ." ಅವಳು ಬೀಗದ ಕೈಯನ್ನು ಕಾಗದಗಳ ಪಕ್ಕದಲ್ಲಿಟ್ಟಳು. "ನೀವೇ ತೆಗೀರಿ."

ಇನ್‌ಸ್ಪೆಕ್ಟರ್ ಮೇಡಂಗೆ ಹದಿನೆಂಟು ವರ್ಷಗಳ ಸರ್ವಿಸು. ದೂರು ಕೊಡಲು ಬಂದವರು ಅತ್ತಿದ್ದನ್ನು, ಕೂಗಾಡಿದ್ದನ್ನು ಅವರು ಬೇಕಾದಷ್ಟು ಕಂಡಿದ್ದರು. ಹೊಟ್ಟೆಪಾಡಿನ ಬೀಗದ ಕೈಯನ್ನೇ ತಂದು ಮುಂದಿಟ್ಟವರು ಯಾರೂ ಇರಲಿಲ್ಲ. ಹತ್ತು ಐವತ್ತಕ್ಕೆ ದೂರನ್ನು ಬರೆಸಿಕೊಂಡು, ದಾಖಲೆ ತಿದ್ದಿದ ಆರೋಪದ ಮೇಲೆ ಪ್ರತ್ಯೇಕ ಎಫ್‌ಐಆರ್ ಹಾಕಿಸಿದರು. ಆರೋಪಿಯ ಹೆಸರಿರಬೇಕಾದ ಜಾಗದಲ್ಲಿ 'ತಿಳಿದುಬಂದಿಲ್ಲ' ಎಂದು ಬರೆದ ಹೆಡ್ ಕಾನ್‌ಸ್ಟೇಬಲ್, ಮೊದಲ ಸಲ ಜೆರಾಕ್ಸಕ್ಕನಿಗೆ ಕುರ್ಚಿ ತೋರಿಸಿದ.

ಹನ್ನೆರಡು ಗಂಟೆಗೆ ಅಂಗಡಿಯಲ್ಲಿ ಪಂಚನಾಮೆ ನಡೆಯಿತು. ಕಂಪ್ಯೂಟರಿನಲ್ಲಿ ಆ ಫೈಲ್ ಇತ್ತು. ಆರನೇ ತಾರೀಕು, ಬೆಳಿಗ್ಗೆ ಒಂಬತ್ತು ನಲವತ್ತೊಂದು. ಗಾತ್ರ 61,384 ಬೈಟ್. ಹೆಡ್ ಕಾನ್‌ಸ್ಟೇಬಲ್ ಆ ಅಂಕಿಯನ್ನೂ ಬರೆದುಕೊಂಡ. ಅದು ಯಾಕೆ ಬೇಕೆಂದು ಅವನಿಗೆ ಗೊತ್ತಿರಲಿಲ್ಲ, ಕಂಡದ್ದನ್ನೆಲ್ಲ ಬರೆಯುವುದು ಅವನ ಅಭ್ಯಾಸ. ಕಂಪ್ಯೂಟರಿಗೆ ಮೊಹರು ಹಾಕಿ ತಂದರು.

ಲಿಫ್ಟ್ ಸುರಕ್ಷತಾ ಕಚೇರಿ ನೆಲಮಹಡಿಯಲ್ಲಿತ್ತು. ಊರಿನ ಅಷ್ಟೂ ಲಿಫ್ಟ್‌ಗಳನ್ನು ಏರಿ ನೋಡಬೇಕಾದವರು ತಾವು ಮಾತ್ರ ಒಂದು ಮೆಟ್ಟಿಲನ್ನೂ ಹತ್ತಬೇಕಾಗದ ಜಾಗ ಹುಡುಕಿಕೊಂಡಿದ್ದರು. ತಪಾಸಣಾಧಿಕಾರಿಯ ಕೋಣೆಯಲ್ಲಿ ಗೋಡೆಯ ತುಂಬ ಪ್ರಶಸ್ತಿ ಫಲಕಗಳು. ಕಾಗದರಹಿತ ಸೇವೆಗೆ ಎರಡು, ತ್ವರಿತ ಸೇವೆಗೆ ಒಂದು. ಲಿಫ್ಟಿಗೆ ಸಂಬಂಧಿಸಿದ್ದು ಒಂದೂ ಇರಲಿಲ್ಲ. ಮೇಜಿನ ಕೆಳಗಿದ್ದ ಅಧಿಕಾರಿಯ ಬೂಟುಗಳು ಹೊಳೆಯುತ್ತಿದ್ದವು. ಗ್ರೀಸ್ ಕಂಡ ಬೂಟುಗಳಲ್ಲ ಅವು.

ಅವರು ಜೆರಾಕ್ಸಕ್ಕನ ಕಾಗದವನ್ನು ಎರಡು ಬೆರಳಲ್ಲಿ ಎತ್ತಿ ನೋಡಿ, ಮೂಗು ಮುರಿದು ಕೆಳಗಿಟ್ಟರು.

"ಬೀದಿ ಬದಿ ಅಂಗಡಿಯವರು ಏನು ಬೇಕಾದ್ರೂ ಪ್ರಿಂಟ್ ಹೊಡೀತಾರೆ ಮೇಡಂ. ಸಿಸ್ಟಮ್‌ನಿಂದ ಈಗ ಏನು ಬರತ್ತೋ ಅದೇ ದಾಖಲೆ."

"ತಪಾಸಣೆಗೆ ನೀವೇ ಹೋಗಿದ್ರಾ?"

"ವರದೀಲಿ ಬರ್ದಿದೆಯಲ್ಲ."

"ನಾನು ಕೇಳಿದ್ದು ನಿಮ್ಮನ್ನ."

ಹೋಗಿದ್ದೆ ಎಂದರು. ಲಿಫ್ಟ್ ಬಿದ್ದ ದಿನ ಎಲ್ಲಿದ್ದಿರಿ ಎಂದಾಗ, ಮೂರೂಕಾಲಿಗೆ ಠಾಣೆಯಿಂದ ಫೋನ್ ಬಂದ ಕೂಡಲೇ ಗುಮಾಸ್ತೆಯನ್ನು ಮೊದಲು ಕಳಿಸಿ, ಬೆನ್ನಲ್ಲೇ ತಾವೂ ಹೊರಟು, ಟ್ರಾಫಿಕ್‌ನಲ್ಲಿ ಸಿಕ್ಕಿಹಾಕಿಕೊಂಡು ಐದು ಗಂಟೆಗೆ ತಲುಪಿದ್ದಾಗಿ ಹೇಳಿದರು. ಇನ್‌ಸ್ಪೆಕ್ಟರ್ ಮೇಡಂ ಅಷ್ಟನ್ನೂ ಬರೆದುಕೊಡಲು ಕೇಳಿದರು. ಅಧಿಕಾರಿ ಕಚೇರಿಯ ಮುದ್ರೆಯಿದ್ದ ಹಾಳೆಯ ಮೇಲೆ ಅಂದವಾಗಿ ಬರೆದು, ಸಹಿ ಹಾಕಿ, ಸಮಯವನ್ನೂ ನಮೂದಿಸಿದರು. ಪೊಲೀಸರಿಗೆ ಪಾಠ ಹೇಳಿಕೊಡುವವರ ಹಾಗೆ ಸಹಿಯ ಕೆಳಗೆ ಹುದ್ದೆಯನ್ನು ಎರಡು ಸಲ ಅಡಿಗೆರೆ ಹಾಕಿ ತೋರಿಸಿದರು.

ಮಂಗಳವಾರ ಹನ್ನೊಂದಕ್ಕೆ ಸರ್ವರ್ ಕೋಣೆಯ ಪಂಚನಾಮೆ. ಕಚೇರಿಗೆ ಪ್ರೋಗ್ರಾಂ ಬರೆದುಕೊಟ್ಟಿದ್ದವನು ಬಂದ. ಎರಡೂ ಕಾಗದಗಳನ್ನು ನೋಡಿ ಅವನಿಗೆ ಆಶ್ಚರ್ಯವೇನೂ ಆಗಲಿಲ್ಲ. ಸರ್ವರಿನಲ್ಲಿ ವರದಿ ಎಂಬ ಫೈಲೇ ಇಲ್ಲ ಎಂದ.

"ಇಲ್ಲ ಅಂದ್ರೆ? ನಾವು ಡೌನ್‌ಲೋಡ್ ಮಾಡಿದ್ದೇನು ಹಾಗಾದ್ರೆ?" ಹೆಡ್ ಕಾನ್‌ಸ್ಟೇಬಲ್ ಕೇಳಿದ.

"ಟೈಲರ್ ಹತ್ರ ನಿಮ್ಮ ಅಳತೆ ಪುಸ್ತಕದಲ್ಲಿರತ್ತೆ ಅಲ್ವಾ? ಅಂಗಿ ಇರಲ್ಲ. ನೀವು ಕೇಳಿದಾಗ ಹೊಲಿದು ಕೊಡ್ತಾನೆ. ಇದೂ ಹಾಗೇ. ಒಳಗೆ ಒಂದು ಪಟ್ಟಿ ಇದೆ, ಬ್ರೇಕ್ ಹೇಗಿದೆ, ಮೋಟಾರ್ ಹೇಗಿದೆ ಅಂತ. ನೀವು ಗುಂಡಿ ಒತ್ತಿದ ಕ್ಷಣದಲ್ಲಿ ಪ್ರೋಗ್ರಾಂ ಆ ಪಟ್ಟಿ ಓದಿ, ಖಾಲಿ ನಮೂನೇಲಿ ತುಂಬಿ, ಕಾಗದ ಮಾಡಿ ಕೈಗೆ ಕೊಡತ್ತೆ. ಕೊಟ್ಟು ಮರೆತುಬಿಡತ್ತೆ."

"ನಡುವೆ ಯಾರಾದ್ರೂ ಅಳತೆ ತಿದ್ದಿದ್ರೆ?"

"ಮುಂದಿನ ಅಂಗಿ ಬೇರೆ ಅಳತೇಲಿ ಬರತ್ತೆ. ಮೇಲಿನ ನಂಬರು, ತಾರೀಕು ಹಳೇದೇ."

ಹೀಗೆ ಹೇಳುವಾಗ ಅವನ ದನಿಯಲ್ಲಿ ನಾಚಿಕೆಯ ಲವಲೇಶವೂ ಇರಲಿಲ್ಲ. ಹಳೆಯ ಪಟ್ಟಿಯನ್ನು ಯಾಕೆ ಉಳಿಸಿಕೊಳ್ಳುವುದಿಲ್ಲ ಎಂದು ಇನ್‌ಸ್ಪೆಕ್ಟರ್ ಕೇಳಿದರು. ಯಾರೂ ಕೇಳಿರಲಿಲ್ಲ ಎಂದ. ಅದೇ ಪ್ರೋಗ್ರಾಂಗೆ ಬಂದ ಪ್ರಶಸ್ತಿ ಅಧಿಕಾರಿಯ ಕೋಣೆಯ ಗೋಡೆಯ ಮೇಲೆ ತೂಗುತ್ತಿತ್ತು.

ಆದರೆ ಸರ್ವರ್ ಎಲ್ಲವನ್ನೂ ಮರೆತಿರಲಿಲ್ಲ. ಯಾವ ನಂಬರಿನ ಕಾಗದವನ್ನು ಯಾವಾಗ ಕೊಟ್ಟೆ, ಅದರ ಗಾತ್ರ ಎಷ್ಟು ಎಂಬುದನ್ನು ಒಂದು ದಿನಚರಿಯಲ್ಲಿ ಸಾಲುಸಾಲಾಗಿ ಬರೆದಿಟ್ಟುಕೊಂಡಿತ್ತು. ಪ್ರೋಗ್ರಾಂ ಬರೆದವನು ಆ ನಂಬರನ್ನು ಹುಡುಕಿದ. ಮೂರು ಸಾಲು ಸಿಕ್ಕಿದವು. ಐದನೇ ತಾರೀಕು ಗೋದಾಮಿನ ಕಚೇರಿಯಿಂದ ಒಂದು. ಆರನೇ ತಾರೀಕು ಒಂಬತ್ತು ನಲವತ್ತೊಂದಕ್ಕೆ ಒಂದು. ಹದಿನೈದಕ್ಕೆ ಠಾಣೆಯದು. ಕೊನೆಯದರ ಗಾತ್ರ 63,902.

"ಆರನೇ ತಾರೀಕಿಂದು ಎಷ್ಟು?" ಹೆಡ್ ಕಾನ್‌ಸ್ಟೇಬಲ್ ತನ್ನ ಪುಸ್ತಕ ತೆರೆದು ಕೇಳಿದ.

"ಅರವತ್ತೊಂದು ಸಾವಿರದ ಮುನ್ನೂರ ಎಂಬತ್ತನಾಲ್ಕು."

ಒಂದು ಬೈಟೂ ಹೆಚ್ಚಿಲ್ಲ, ಕಡಿಮೆಯಿಲ್ಲ. ಜೆರಾಕ್ಸಕ್ಕನ ಕಾಗದ ಅಂಗಡಿಯಲ್ಲಿ ಹುಟ್ಟಿದ್ದಲ್ಲ, ಈ ಪೆಟ್ಟಿಗೆಯಿಂದಲೇ ಬಂದದ್ದು.

ಅಲ್ಲಿಂದ ನೇರವಾಗಿ ಗೋದಾಮಿಗೆ ಹೋದರು. ಐದನೇ ತಾರೀಕಿನ ಕಾಗದ ಎಲ್ಲಿ ಎಂದು ಮ್ಯಾನೇಜರನ್ನು ಕೇಳಿದರು. ಅವನು ಮೊದಲು ಇಲ್ಲವೆಂದ, ಆಮೇಲೆ ನೆನಪಿಲ್ಲವೆಂದ, ಕೊನೆಗೆ ಹರಿದು ಹಾಕಿದೆ ಎಂದ. ಲಿಫ್ಟ್ ನಿಲ್ಲಿಸೋಣ ಎಂದ ಮೆಕ್ಯಾನಿಕ್‌ನ ಬಾಯನ್ನು, 'ಬಳಕೆಗೆ ಯೋಗ್ಯ' ಎಂಬ ಆ ಕಾಗದ ತೋರಿಸಿಯೇ ಮುಚ್ಚಿಸಿದ್ದವನು ಅವನು. ಮೆಕ್ಯಾನಿಕ್‌ನನ್ನು ಹಿಡಿದಾಗ ಯಾಕೆ ಹೇಳಲಿಲ್ಲ ಎಂದರೆ, ಹೊಸದು ಬಂದ ಮೇಲೆ ಹಳೇದು ಯಾಕೆ ಅಂದುಕೊಂಡೆ ಎಂದು ಹಲ್ಲು ಕಿರಿದ. ಇನ್‌ಸ್ಪೆಕ್ಟರ್ ಅವನ ಹೇಳಿಕೆ ಬರೆಸಿಕೊಂಡು ಹೊರಬಂದು, ಅಂಗಳದ ನಲ್ಲಿಯಲ್ಲಿ ಕೈ ತೊಳೆದುಕೊಂಡರು. ಅವನ ಮೇಲೆ ಬೇರೆ ಕೇಸು ಹಾಕಲು ಸಾಕಷ್ಟು ಅವನೇ ಹೇಳಿದ್ದ.

ಪಟ್ಟಿಯನ್ನು ತಿದ್ದಿದ್ದು ಯಾರು ಎಂಬುದು ಉಳಿದಿತ್ತು. ಕೊನೆಯ ತಿದ್ದುಪಡಿ ಯಾವಾಗ, ಯಾರ ಹೆಸರಲ್ಲಿ ಎಂಬುದಷ್ಟನ್ನು ಸರ್ವರ್ ಇಟ್ಟುಕೊಂಡಿತ್ತು. ಬುಧವಾರ, ಹದಿನಾಲ್ಕನೇ ತಾರೀಕು, ಸಂಜೆ ನಾಲ್ಕು ಹತ್ತು. ಗುಮಾಸ್ತೆಯ ಹೆಸರು, ಗುಮಾಸ್ತೆಯ ಮೇಜಿನ ಕಂಪ್ಯೂಟರು.

ಸುದ್ದಿ ಕೇಳಿ ಅಧಿಕಾರಿ ತಲೆಯಾಡಿಸಿದರು. ಬಹಳ ದಿನದಿಂದ ಅನುಮಾನ ಇತ್ತು, ಇಂಥ ಕೆಳಗಿನ ನೌಕರರನ್ನು ಇಟ್ಟುಕೊಂಡು ಕೆಲಸ ಮಾಡಬೇಕಾಗಿದೆ ಎಂದು ನಿಟ್ಟುಸಿರು ಬಿಟ್ಟರು. ಐವತ್ತು ದಾಟಿದ ಆ ಗುಮಾಸ್ತೆ ಬಾಗಿಲ ಬಳಿ ನಿಂತು ಎಲ್ಲವನ್ನೂ ಕೇಳಿಸಿಕೊಳ್ಳುತ್ತಿದ್ದರು. ಅವರ ಪಾಸ್‌ವರ್ಡ್ ಕಂಪ್ಯೂಟರಿನ ಅಂಚಿಗೆ ಚೀಟಿಯಲ್ಲಿ ಅಂಟಿಸಿತ್ತು. ಸಾಹೇಬರಿಗೆ ಅದು ಬೇಕಾಗುತ್ತಿತ್ತು ಎಂದು ಆಮೇಲೆ ಹೇಳಿದರು.

ಇನ್‌ಸ್ಪೆಕ್ಟರ್ ಕೇಸಿನ ಕಡತ ತರಿಸಿದರು. ಲಿಫ್ಟ್ ಬಿದ್ದ ಜಾಗದಲ್ಲಿ ತಾವೇ ನಡೆಸಿದ್ದ ಪಂಚನಾಮೆಯನ್ನು ತೆರೆದರು. ಆರಂಭ ಮೂರು ನಲವತ್ತೈದು, ಮುಕ್ತಾಯ ಐದು ಹದಿನೈದು. ಕೆಳಗೆ ಇಬ್ಬರು ಪಂಚರ ಸಹಿ. ಒಬ್ಬ ಗೋದಾಮಿನ ಕಾವಲುಗಾರ. ಇನ್ನೊಬ್ಬರು ಈ ಗುಮಾಸ್ತೆ. ನಾಲ್ಕು ಹತ್ತಕ್ಕೆ ಆಕೆ ಇನ್‌ಸ್ಪೆಕ್ಟರ್ ಪಕ್ಕದಲ್ಲೇ ಟಾರ್ಚ್ ಹಿಡಿದು ನಿಂತಿದ್ದರು.

ಕಚೇರಿಯ ಬಾಗಿಲಲ್ಲಿ ಹೆಬ್ಬೆರಳು ಒತ್ತುವ ಹಾಜರಿ ಯಂತ್ರವಿತ್ತು. ಆ ಬುಧವಾರ ಗುಮಾಸ್ತೆ ಮೂರು ಇಪ್ಪತ್ತೈದಕ್ಕೆ ಹೊರಗೆ. ಜವಾನ ರಜೆ. ಉಳಿದಿಬ್ಬರು ಬೆಳಿಗ್ಗೆಯಿಂದಲೇ ಹೊರಗೆ. ಅಧಿಕಾರಿಯ ಹೆಬ್ಬೆರಳು ಹೊರಗೆ ಹೋದದ್ದು ನಾಲ್ಕು ನಲವತ್ತಕ್ಕೆ. ಮೂರೂಕಾಲಿನ ಫೋನಿನ ಬೆನ್ನಲ್ಲೇ ಹೊರಟೆ ಎಂದು ಅವರೇ ಅಂದವಾಗಿ ಬರೆದುಕೊಟ್ಟಿದ್ದ ಹಾಳೆಯನ್ನು ಇನ್‌ಸ್ಪೆಕ್ಟರ್ ಅದರ ಪಕ್ಕದಲ್ಲಿಟ್ಟರು.

"ಈ ಒಂದೂವರೆ ಗಂಟೆ ಟ್ರಾಫಿಕ್ಕು ಈ ಕೋಣೆ ಒಳಗೇ ಇತ್ತಾ ಸಾರ್?"

ಬುಧವಾರ, ಇಪ್ಪತ್ತೊಂದನೇ ತಾರೀಕು, ಮಧ್ಯಾಹ್ನ ಹನ್ನೆರಡೂವರೆಗೆ ಬಂಧನವಾಯಿತು. ಜೀಪು ಹತ್ತುವಾಗ, ಮುಂದಿನ ಸೀಟಿನಲ್ಲಿ ಕೂರಬಹುದೇ ಎಂದು ಅವನು ಕೇಳಿದ. ಹೆಡ್ ಕಾನ್‌ಸ್ಟೇಬಲ್ ಹಿಂದಿನ ಬಾಗಿಲು ತೆರೆದ.

ವಿಚಾರಣೆಯಲ್ಲಿ ಇನ್‌ಸ್ಪೆಕ್ಟರ್ ಆ ಕಟ್ಟಡದ ಹಿಂದಿನ ವರ್ಷಗಳ ವರದಿಗಳನ್ನೂ ಮುಂದಿಟ್ಟರು. ಮೂರು ವರ್ಷವೂ ಮೋಟಾರಿನ ಬಿಸಿ ಒಂದೇ ಅಂಕಿ, ತಂತಿಹಗ್ಗದ ಸವೆತ ಒಂದೇ ಅಂಕಿ. ಮೂರು ವರ್ಷದಿಂದ ಅವನು ಆ ಕಟ್ಟಡಕ್ಕೆ ಕಾಲಿಟ್ಟಿರಲಿಲ್ಲ. ಯಾರಾದರೂ ಕೈ ಬಿಸಿ ಮಾಡಿದ್ದರೇ ಎಂದು ವಿಚಾರಿಸಿದರು. ಇಲ್ಲ. ಆ ಆರೋಪಕ್ಕೆ ಅವನಿಗೆ ನಿಜವಾಗಿಯೂ ನೋವಾಯಿತು. ಉಳಿದ ಕಟ್ಟಡಗಳಿಗೆ ಹೋಗುತ್ತಿದ್ದ, ಇದೊಂದಕ್ಕೆ ಮಾತ್ರ ಇಲ್ಲ.

"ಯಾಕೆ?"

ಅವನು ಕತ್ತು ತಿರುಗಿಸಿ, ಗೋಡೆಗೆ ಹೇಳುವವನಂತೆ ಹೇಳಿದ. ನಾಲ್ಕು ವರ್ಷದ ಹಿಂದೆ ಅಲ್ಲಿ ತಪಾಸಣೆಗೆ ಹೋದಾಗ ಅವನು ಖಾಲಿ ಲಿಫ್ಟಿನಲ್ಲಿ ಬ್ರೇಕ್ ಪರೀಕ್ಷೆ ಮಾಡಿದ್ದ. ಖಾಲಿ ಇದ್ದಾಗ ಏನೂ ಗೊತ್ತಾಗಲ್ಲ ಸಾರ್, ತೂಕ ಹಾಕಿ ನೋಡಬೇಕು ಎಂದು ಮೆಕ್ಯಾನಿಕ್ ಹೇಳಿದ. ಗೋದಾಮಿನ ಏಳೆಂಟು ಜನ ಅಲ್ಲಿ ನಿಂತಿದ್ದರು. ಒಬ್ಬಳು ನಕ್ಕಳು.

"ಹತ್ತನೇ ಕ್ಲಾಸ್ ಪಾಸಾಗಿಲ್ಲ ಅವನು," ಎಂದ. "ನನಗೆ ಹೇಳ್ಕೊಡ್ತಾನೆ."

ಈ ಸಲ ಅದೇ ಮೆಕ್ಯಾನಿಕ್ ಬ್ರೇಕ್ ನೋಡಿ ಎಂದು ಅರ್ಜಿ ಹಾಕಿದಾಗ, ಅದನ್ನು ಓದಿ, ಕುರ್ಚಿಯಲ್ಲಿ ಕೂತಲ್ಲಿಯೇ 'ಸುಸ್ಥಿತಿ' ಎಂದು ಒತ್ತಿದ್ದ. ಲಿಫ್ಟ್ ಬಿದ್ದ ಸುದ್ದಿ ಬಂದಾಗ ಯಾರನ್ನು ಸಿಕ್ಕಿಸಬೇಕು ಎಂದು ಯೋಚಿಸಲೂ ಇಲ್ಲ. ಮೆಕ್ಯಾನಿಕ್‌ಗೆ ತಿಳಿಸಲಾಗಿದೆ ಎಂಬ ಸಾಲು ತಾನಾಗಿಯೇ ಬೆರಳಿಗೆ ಬಂತು. ಸತ್ತವಳ ಬಗ್ಗೆ ಆ ಎರಡು ದಿನ ಅವನು ಒಂದು ಮಾತೂ ಕೇಳಲಿಲ್ಲ. ಹೇಳಿಕೆಯನ್ನು ಓದಲು ಕೊಟ್ಟಾಗ ತನ್ನ ಹುದ್ದೆಯ ಕಾಗುಣಿತ ತಪ್ಪಾಗಿದೆ ಎಂದು ತೋರಿಸಿದ.

ಶುಕ್ರವಾರ ಬೆಳಿಗ್ಗೆ ಹನ್ನೊಂದಕ್ಕೆ ಮೆಕ್ಯಾನಿಕ್ ಬಿಡುಗಡೆಯಾದ. ಅಕ್ಕ ಗೇಟಿನ ಹೊರಗೆ ಅವನ ಚಪ್ಪಲಿ ಹಿಡಿದು ನಿಂತಿದ್ದಳು. ಇನ್‌ಸ್ಪೆಕ್ಟರ್ ಮೇಡಂ ತಾವೇ ಹೋಗಿದ್ದರು. ಕ್ಷಮೆ ಕೇಳುವುದು ಅವರಿಗೆ ಬರುತ್ತಿರಲಿಲ್ಲ. ನಿಂತುಕೊಂಡೇ ನಡೆದದ್ದನ್ನೆಲ್ಲ ವರದಿ ಒಪ್ಪಿಸುವವರ ಹಾಗೆ ಹೇಳಿದರು. ನಾಲ್ಕು ವರ್ಷದ ಹಿಂದಿನ ಆ ದಿನದ ಮಾತನ್ನೂ ಹೇಳಿದರು.

ಮೆಕ್ಯಾನಿಕ್ ಚಪ್ಪಲಿ ಮೆಟ್ಟಿಕೊಂಡು ಹುಬ್ಬು ಗಂಟಿಕ್ಕಿ ಬಹಳ ಹೊತ್ತು ಯೋಚಿಸಿದ. ಅವನಿಗೆ ಆ ಅಧಿಕಾರಿಯ ಮುಖವೂ ನೆನಪಾಗಲಿಲ್ಲ, ನಕ್ಕವಳು ಯಾರೆಂಬುದೂ ನೆನಪಾಗಲಿಲ್ಲ.

"ತೂಕ ಹಾಕಿ ನೋಡಿ ಅಂತ ನಾನು ಎಲ್ರಿಗೂ ಹೇಳ್ತಿರ್ತೀನಿ ಮೇಡಂ," ಎಂದ.