ಸೋತೆವು ಎಂದವನು

ಮಾರ್ಚ್ 23, ಸೋಮವಾರ, ಬೆಳಗ್ಗೆ ಹತ್ತು ಗಂಟೆ ನಲವತ್ತು ನಿಮಿಷಕ್ಕೆ ಠಾಣೆಗೆ ಬಂದ ಹೆಂಗಸು ದೂರನ್ನು ಮನೆಯಲ್ಲೇ ಬರೆದು ತಂದಿದ್ದಳು. ಎರಡು ಪುಟ, ಒಂದೂ ಚಿತ್ತಿಲ್ಲದ ದುಂಡು ಅಕ್ಷರ. ಬರೆದ ಕೈ ಮಾತ್ರ ಮೇಜಿನ ಅಂಚು ಬಿಡಲಿಲ್ಲ.

ಆಕೆಯ ಗಂಡ ನಗರದ ರಗ್ಬಿ ಕ್ಲಬ್ಬಿನ ಮೊದಲ ತಂಡದ ಆಟಗಾರ. ಮಾರ್ಚ್ 3ರಂದು ಅಭ್ಯಾಸದಲ್ಲಿ ತಲೆಗೆ ಪೆಟ್ಟಾಗಿತ್ತು. ತಲೆಗೆ ಪೆಟ್ಟು ಬಿದ್ದವನು ವೈದ್ಯರ ಪರೀಕ್ಷೆಯಲ್ಲಿ ಪಾಸಾಗದೆ ಮೈದಾನಕ್ಕೆ ಇಳಿಯುವಂತಿಲ್ಲ ಎಂಬುದು ಆ ಆಟದ ನಿಯಮ. 16ರಂದು ಆಸ್ಪತ್ರೆಯ ನರರೋಗ ತಜ್ಞರು ‘ಆಡಲು ಅಡ್ಡಿಯಿಲ್ಲ’ ಎಂದು ಬರೆದುಕೊಟ್ಟಿದ್ದರು. 21ರ ಶನಿವಾರದ ಫೈನಲ್ ಪಂದ್ಯದಲ್ಲಿ, ಮೂವತ್ಮೂರನೆಯ ನಿಮಿಷಕ್ಕೆ, ಚೆಂಡು ಅಪ್ಪಿಕೊಂಡು ಬಿದ್ದವನು ಏಳಲಿಲ್ಲ. ಈಗ ತೀವ್ರ ನಿಗಾ ಘಟಕದಲ್ಲಿದ್ದಾನೆ. ಕಣ್ಣು ಬಿಡುತ್ತಾನೆ. ಹೆಂಡತಿ ಯಾರೆಂದು ತಿಳಿಯುವುದಿಲ್ಲ, ತಾನು ಯಾರೆಂದೂ ತಿಳಿಯುವುದಿಲ್ಲ.

"ಆ ಡಾಕ್ಟರು ಇವರನ್ನ ನೋಡೇ ಇಲ್ಲ ಮೇಡಂ. ಹದಿನೈದನೇ ತಾರೀಕು ಕೂಡ ಇವರಿಗೆ ಬೆಳಕು ನೋಡಿದ್ರೆ ವಾಂತಿ ಬರ್ತಿತ್ತು. ಅಂಥವರನ್ನ ಸರಿ ಇದಾರೆ ಅಂತ ಬರೆಯೋಕೆ ಆ ಕೈ ಹೇಗೆ ಬಂತು?"

ಇನ್‌ಸ್ಪೆಕ್ಟರ್ ಕಾಗದದಿಂದ ತಲೆಯೆತ್ತಿದರು. "ವಾಂತಿ ಬರ್ತಿತ್ತು ಅಂತ ಗೊತ್ತಿದ್ದೂ ಆಡೋಕೆ ಬಿಟ್ರಾ?"

ಆಕೆ ನೆಲ ನೋಡಿದಳು. "ಕಾಗದ ಇತ್ತಲ್ಲ."

ಹನ್ನೊಂದೂಕಾಲಿಗೆ ಎಫ್‌ಐಆರ್ ದಾಖಲಾಯಿತು. ಪರೀಕ್ಷಿಸದೆ ಪ್ರಮಾಣಪತ್ರ ಕೊಟ್ಟು ಜೀವಕ್ಕೆ ಅಪಾಯ ತಂದ ಆರೋಪ. ಆರೋಪಿಯ ಸ್ಥಾನದಲ್ಲಿ ವೈದ್ಯರ ಹೆಸರು. ಗಾಯಾಳುವಿನ ಹೆಸರು ಬರೆಯುವಾಗ ಮುಖ್ಯಪೇದೆಯ ಪೆನ್ನು ಒಂದು ಕ್ಷಣ ನಿಂತಿತು. ಅದು ಅವನದೂ ಹೆಸರು.

"ಕಣ್ಣುಮುಚ್ಚಿ ಕಲ್ಲು ಬೀರಿದ್ರೂ ನಮ್ಮ ಹೆಸರಿನವನಿಗೇ ತಾಗುತ್ತೆ ಮೇಡಂ" ಎಂದ. ನಗು ಬರಲಿಲ್ಲ, ಅವನಿಗೂ.

ಮಧ್ಯಾಹ್ನದೊಳಗೆ ಮೇಲಧಿಕಾರಿಯ ಫೋನು ಬಂತು. ಫೈನಲ್ ನೋಡಲು ಅವರೂ ಹೋಗಿದ್ದರಂತೆ. ಊರೆಲ್ಲ ಮಾತಾಡುತ್ತಿದೆ, ಗುರುವಾರದೊಳಗೆ ವೈದ್ಯರನ್ನು ಬಂಧಿಸಿ ಎಂದರು. ಬಂಧನವಾದರೆ ಕೆಲಸದಿಂದ ಅಮಾನತು ಖಚಿತ. ವೈದ್ಯರ ನಿವೃತ್ತಿಗೆ ಉಳಿದಿದ್ದದ್ದು ಹನ್ನೊಂದು ತಿಂಗಳು.

ಅಂದೇ ಎರಡೂವರೆಗೆ ಆಸ್ಪತ್ರೆಯಲ್ಲಿ ಇಬ್ಬರು ಪಂಚರ ಸಮಕ್ಷಮ ಕಡತದ ಜಪ್ತಿ ಪಂಚನಾಮೆ ನಡೆಯಿತು. ವೈದ್ಯರು ತೆಳ್ಳಗಿನ, ಮೆದು ಮಾತಿನ ಮನುಷ್ಯ. ಪರೀಕ್ಷೆಯ ಹಾಳೆಯನ್ನು ತಾವೇ ತೆಗೆದುಕೊಟ್ಟರು. ಶುರು ಹನ್ನೊಂದು ಇಪ್ಪತ್ತು, ಮುಗಿದದ್ದು ಹನ್ನೊಂದು ನಲವತ್ತೈದು. ಹತ್ತು ಪದ ಹೇಳಿ ಐದು ನಿಮಿಷ ಬಿಟ್ಟು ಕೇಳಿದ್ದು, ತಿಂಗಳುಗಳನ್ನು ಡಿಸೆಂಬರಿನಿಂದ ಹಿಂದಕ್ಕೆ ಹೇಳಿಸಿದ್ದು, ಒಂಟಿಕಾಲಲ್ಲಿ ನಿಲ್ಲಿಸಿದ್ದು ಎಲ್ಲಕ್ಕೂ ಅಂಕಗಳಿದ್ದವು. ಕಾಟಾಚಾರಕ್ಕೆ ತುಂಬಿದ ಹಾಳೆಯಂತೆ ಕಾಣಲಿಲ್ಲ.

"ಇಪ್ಪತ್ತೈದು ನಿಮಿಷ ಎದುರಿಗೆ ಕೂತಿದ್ದನಮ್ಮಾ. ತೊದಲಿಲ್ಲ, ತಡವರಿಸಲಿಲ್ಲ" ಎಂದರು ವೈದ್ಯರು.

ಇನ್‌ಸ್ಪೆಕ್ಟರ್ ಅವರನ್ನು ಮೂರನೆಯ ಮಹಡಿಗೆ ಕರೆದೊಯ್ದರು. ಗಾಜಿನಾಚೆ ಮಲಗಿದ್ದವನ ತಲೆಗೆ ಪಟ್ಟಿ, ಮೂಗಿಗೆ ಕೊಳವೆ. ಮುಖ ಊದಿ ಕಣ್ಣು ಗೆರೆಯಾಗಿತ್ತು.

"ಇವನೇನಾ?"

ವೈದ್ಯರು ತುಂಬ ಹೊತ್ತು ನೋಡಿದರು. "ಗೊತ್ತಾಗ್ತಿಲ್ಲ."

"ಊದಿಕೊಂಡಿದೆ ಅಂತಲಾ?"

"ಅಲ್ಲ." ಕನ್ನಡಕ ತೆಗೆದು ಕೈಯಲ್ಲಿ ಹಿಡಿದರು. "ಅವತ್ತು ಅವನ ಕಣ್ಣುಗುಡ್ಡೆ ನೋಡ್ದೆ, ನಾಲಿಗೆ ನೋಡ್ದೆ, ಪಾದ ನೋಡ್ದೆ. ಮುಖ ನೋಡಿರಲಿಲ್ಲ."

ಅಲ್ಲಿಂದ ಕೆಳಗಿಳಿದು ನೋಂದಣಿ ಕೌಂಟರಿನ ಗುಮಾಸ್ತನನ್ನು ವಿಚಾರಿಸಿದರು. ಆ ಹೆಸರಿನ ಅರವತ್ತೆರಡು ಕಡತಗಳು ಕಪಾಟಿನಲ್ಲಿದ್ದವು. ಬಂದವನನ್ನು ಹೆಸರು ಕೇಳಿದೆ, ರಗ್ಬಿ ಕ್ಲಬ್ಬಿನವರಾ ಎಂದು ಕೇಳಿದೆ, ಹೌದೆಂದ, ಕ್ಲಬ್ಬಿನ ಮೊಹರಿದ್ದ ಕಡತ ಒಂದೇ ಇತ್ತು, ತೆಗೆದುಕೊಟ್ಟೆ. ಇಷ್ಟು ಅವನ ಹೇಳಿಕೆ. ಕಡತದಲ್ಲಿ ಭಾವಚಿತ್ರವಿರಲಿಲ್ಲ. ಬಾಗಿಲ ಮೇಲಿನ ಕ್ಯಾಮೆರಾ ಐದು ದಿನಕ್ಕೊಮ್ಮೆ ಹಳೆಯದನ್ನು ಅಳಿಸಿಕೊಳ್ಳುತ್ತಿತ್ತು.

ಠಾಣೆಗೆ ಮರಳಿ ಇನ್‌ಸ್ಪೆಕ್ಟರ್ ಹಾಳೆಯನ್ನು ಮೊದಲಿಂದ ಓದಿದರು. ಆರನೆಯ ಪ್ರಶ್ನೆ: ನೀವು ಆಡಿದ ಹಿಂದಿನ ಪಂದ್ಯದ ಫಲಿತಾಂಶವೇನು? ಕೊನೆಯ ಅಂಕ ಯಾರದು? ಉತ್ತರವನ್ನು ವೈದ್ಯರು ಅವನು ಹೇಳಿದ ಹಾಗೇ ಬರೆದುಕೊಂಡಿದ್ದರು. ‘ಸೋತೆವು. ಕೊನೆಯ ಅಂಕ ಅವರದು, ಪೆನಾಲ್ಟಿ ಕಿಕ್.’ ಪಕ್ಕದಲ್ಲಿ ಪೂರ್ತಿ ಅಂಕ.

"ಇದು ನಿಜವೋ ಸುಳ್ಳೋ ಅಂತ ಡಾಕ್ಟರಿಗೆ ಹೇಗೆ ಗೊತ್ತಾಗುತ್ತೆ?" ಎಂದು ಮುಖ್ಯಪೇದೆ ಕೇಳಿದ.

"ಗೊತ್ತಾಗಲ್ಲ. ನಾವು ನಾಳೆ ಕ್ಲಬ್ಬಿಗೆ ಹೋಗೋಣ."

ಮಾರ್ಚ್ 24, ಮಂಗಳವಾರ, ಸಂಜೆ ನಾಲ್ಕು. ಕ್ಲಬ್ಬಿನ ಬಟ್ಟೆ ಬದಲಿಸುವ ಕೋಣೆಯಲ್ಲಿ ಒದ್ದೆ ಸಾಕ್ಸಿನ, ನೋವಿನೆಣ್ಣೆಯ ವಾಸನೆ. ಗೋಡೆಯುದ್ದಕ್ಕೂ ಮರದ ಬೆಂಚು, ಬೆಂಚಿನಡಿ ಕೆಸರು ಮೆತ್ತಿದ ಬೂಟುಗಳು. ಆಟಗಾರರು ಕೂತಿದ್ದರು, ಅಷ್ಟು ದೊಡ್ಡ ಮೈಗಳು ಅಷ್ಟು ಸದ್ದಿಲ್ಲದೆ ಕೂತದ್ದು ಆ ಕೋಣೆಗೆ ಹೊಸದು. ಇನ್‌ಸ್ಪೆಕ್ಟರ್ ಗಾಯಾಳುವಿನ ಹೆಸರು ಹೇಳಿದರು. ಬೆಂಚಿನ ಆ ತುದಿಯಲ್ಲೊಂದು, ಈ ತುದಿಯಲ್ಲೊಂದು ತಲೆ ಎದ್ದವು. ಹಿಂದೆ ನಿಂತಿದ್ದ ಮುಖ್ಯಪೇದೆ ಅಭ್ಯಾಸಬಲದಿಂದ "ಮೇಡಂ?" ಎಂದುಬಿಟ್ಟ.

ಯಾರೋ ನಕ್ಕು, ನಕ್ಕದ್ದಕ್ಕೆ ನಾಚಿ ಕೆಮ್ಮಿದರು.

ತರಬೇತುದಾರ ವಿವರಿಸಿದ. ಹೆಸರು ಕೂಗಿದಾಗ ಮೂವರು ಓಡಿ ಬಂದರೆ ಚೆಂಡು ಕೊಡುವುದು ಯಾರಿಗೆ? ಹಾಗಾಗಿ ಕ್ಲಬ್ಬಿನಲ್ಲಿ ಅಡ್ಡಹೆಸರೇ ಹೆಸರು. ಆಸ್ಪತ್ರೆಯಲ್ಲಿರುವವನು ಗೂಳಿ. ಎರಡನೆಯ ತಂಡದಲ್ಲಿ ಇನ್ನಿಬ್ಬರು: ದಪ್ಪ ಗಾಜಿನ ಕನ್ನಡಕದವನು ಸೋಡಾ, ಕಟ್ಟಡಗಳ ಲಿಫ್ಟು ರಿಪೇರಿ ಮಾಡುವವನು ಲಿಫ್ಟು.

ಇನ್‌ಸ್ಪೆಕ್ಟರ್ ಪಂದ್ಯಗಳ ದಾಖಲೆ ಪುಸ್ತಕ ತರಿಸಿದರು. ಮೊದಲ ತಂಡ ಫೈನಲ್‌ವರೆಗೆ ಒಂದು ಪಂದ್ಯವನ್ನೂ ಸೋತಿರಲಿಲ್ಲ. ಎರಡನೆಯ ತಂಡ ಮಾರ್ಚ್ 14ರಂದು, ಪರೀಕ್ಷೆಗೆ ಎರಡೇ ದಿನ ಮುಂಚೆ, ಬಂದರಿನ ತಂಡದ ಎದುರು ಸೋತಿತ್ತು; ಕೊನೆಯ ನಿಮಿಷದ ಪೆನಾಲ್ಟಿ ಕಿಕ್‌ನಿಂದ. ಆ ಪಂದ್ಯದ ಹದಿನೈದು ಜನರ ಪಟ್ಟಿಯಲ್ಲಿ ಆ ಹೆಸರು ಒಮ್ಮೆ ಮಾತ್ರ ಇತ್ತು.

"ಇದು ಸೋಡಾನಾ, ಲಿಫ್ಟಾ?"

"ಸೋಡಾ ಭುಜ ಜಾರಿಸಿಕೊಂಡು ಒಂದು ತಿಂಗಳಾಯ್ತು" ಎಂದ ತರಬೇತುದಾರ. ಮುಂದಿನ ಮಾತು ಯಾರೂ ಕೇಳದೆಯೇ ಬಂತು. "ಮೇಡಂ, ಒಂದು ಹೇಳಬೇಕು. ಶನಿವಾರ ಬಟ್ಟೆ ಬದಲಾಯಿಸೋವಾಗ ಗೂಳಿ ಟ್ಯೂಬ್‌ಲೈಟಿಗೆ ಬೆನ್ನು ಮಾಡಿ ಕೂತಿದ್ದ. ನೋಡ್ದೆ. ನೋಡದವನ ಹಾಗೆ ಆಚೆ ಹೋದೆ."

"ಯಾಕೆ?"

"ಕಾಗದ ಇತ್ತಲ್ಲ ಮೇಡಂ."

ಎರಡು ದಿನದಲ್ಲಿ ಆ ಮಾತು ಇನ್‌ಸ್ಪೆಕ್ಟರ್ ಕಿವಿಗೆ ಬಿದ್ದದ್ದು ಇದು ಎರಡನೆಯ ಸಲ. ಹೇಳಿಕೆ ಬರೆದುಕೊಂಡು ಅವನ ಸಹಿ ಪಡೆದರು. ಲಿಫ್ಟು ಎಂಬವನು ಎದುರಿಗೇ ಕೂತಿದ್ದ. ಅವನನ್ನು ಆಗಲೇ ಕೇಳಲಿಲ್ಲ. ಒಂದು ಹಾಳೆಯ ಒಂದು ಸಾಲು ಸಾಲದು, ಇನ್ನೊಂದು ಬೇಕಿತ್ತು.

ಅದು ಮರುದಿನ ಸಿಕ್ಕಿತು. ಮಾರ್ಚ್ 25, ಬುಧವಾರ, ಬೆಳಗ್ಗೆ ಹನ್ನೊಂದು ಗಂಟೆ. ಲಿಫ್ಟು ಎಂಬವನು ಕೆಲಸ ಮಾಡುತ್ತಿದ್ದ ಒಂಬತ್ತು ಮಹಡಿಯ ಕಚೇರಿ ಕಟ್ಟಡದ ಲಿಫ್ಟಿನ ಬಾಗಿಲಿಗೆ ‘ದುರಸ್ತಿಯಲ್ಲಿದೆ’ ಎಂಬ ಫಲಕ ತೂಗುತ್ತಿತ್ತು. ಮೆಟ್ಟಿಲು ಹತ್ತಿ ಮುಗಿಸುವಷ್ಟರಲ್ಲಿ ಮುಖ್ಯಪೇದೆಯ ಉಸಿರು ಬಾಯಿಗೆ ಬಂದಿತ್ತು. "ಅಪರಾಧಿ ಸಿಗದಿದ್ರೂ ಪರವಾಗಿಲ್ಲ ಮೇಡಂ, ಲಿಫ್ಟು ಸರಿ ಮಾಡಿಕೊಟ್ರೆ ಸಾಕು" ಎಂದ.

ತಾರಸಿಯ ಯಂತ್ರದ ಕೋಣೆಯಲ್ಲಿ ಗಾಲಿಯ ಮೇಲೆ ಉಕ್ಕಿನ ಹಗ್ಗಗಳು ಬಿಗಿದು ನಿಂತಿದ್ದವು. ಗೋಡೆಗೆ ದಾರದಲ್ಲಿ ಕಟ್ಟಿದ ತಪಾಸಣಾ ಪುಸ್ತಕ. ಪ್ರತಿ ಸೋಮವಾರ ಬೆಳಗ್ಗೆ ಹನ್ನೊಂದಕ್ಕೆ ತಪಾಸಣೆ, ಪ್ರತಿ ಸಾಲಿಗೂ ಅವನ ಸಹಿ. 16ರ ಸಾಲಿನಲ್ಲಿ ಮಾತ್ರ ಸಮಯ ಮಧ್ಯಾಹ್ನ ಎರಡು, ಷರಾ: ‘ತಡ. ಸ್ವಂತ ಕೆಲಸ.’

ಅವನು ಎಣ್ಣೆಕೈ ಒರೆಸಿಕೊಳ್ಳುತ್ತಾ ನಿಂತಿದ್ದ. ಗಟ್ಟಿ ಹೆಗಲಿನ, ಸಣ್ಣ ದನಿಯ ಮನುಷ್ಯ.

"ಹುಷಾರು ಮೇಡಂ, ಆ ಹಗ್ಗಕ್ಕೆ ಗ್ರೀಸ್ ಹಚ್ಚಿದೀನಿ."

"ಹದಿನಾರನೇ ತಾರೀಕು ಹನ್ನೊಂದು ಇಪ್ಪತ್ತಕ್ಕೆ ಎಲ್ಲಿದ್ರಿ?"

"ಆಸ್ಪತ್ರೇಲಿ."

"ಯಾತಕ್ಕೆ?"

"ಪರೀಕ್ಷೆಗೆ ಕೂರೋಕೆ."

"ಯಾರ ಪರೀಕ್ಷೆ?"

ಬಟ್ಟೆಯನ್ನು ಮಡಿಸಿ, ಮತ್ತೆ ಮಡಿಸಿ, ಪೆಟ್ಟಿಗೆಯ ಮೇಲಿಟ್ಟ. "ಗೂಳಿದು."

ಆಮೇಲೆ ಅವನಾಗಿಯೇ ಹೇಳಿದ. ಮಾರ್ಚ್ 3ರ ಅಭ್ಯಾಸದಲ್ಲಿ ಗೂಳಿಯನ್ನು ಕೆಡವಿದವನು ತಾನೇ. ಎದುರಾಳಿಯನ್ನು ತಡೆಯುವಾಗ ಹೆಗಲು ಎದೆಗಿಂತ ಕೆಳಗೆ ತಾಗಬೇಕು. ತನ್ನದು ಮೇಲೆ ಹೋಗಿ ಕಣತಲೆಗೆ ಬಡಿಯಿತು. ಗೂಳಿ ಎದ್ದು ನಕ್ಕಿದ್ದ, ಎಲ್ಲರೂ ನಕ್ಕಿದ್ದರು. ಮೂರು ದಿನವಾದ ಮೇಲೂ ಅವನಿಗೆ ತಲೆಯೆತ್ತಲು ಆಗುತ್ತಿಲ್ಲವೆಂದು ತಿಳಿದಾಗ ತನಗೆ ಅನ್ನ ಇಳಿಯಲಿಲ್ಲ. ಪರೀಕ್ಷೆಗೆ ನಾನು ಹೋಗ್ತೀನಿ ಎಂದು ಗೂಳಿಗೆ ಹೇಳಿದವನು ತಾನೇ. ಹೇಗಿದ್ದರೂ ಹೆಸರು ಒಂದೇ ತಾನೇ ಎಂದು ಗೂಳಿ ಒಪ್ಪಿಕೊಂಡ.

"ಹಿಂದಿನ ಪಂದ್ಯ ಕೇಳಿದಾಗ ಗೆದ್ವಿ ಅನ್ನಬಹುದಿತ್ತಲ್ಲ. ಗೂಳಿಯ ತಂಡ ಗೆದ್ದಿದ್ದು ಗೊತ್ತಿತ್ತು ನಿಮಗೆ."

"ಗೊತ್ತಿತ್ತು. ನಾಲಿಗೆ ತುದೀವರೆಗೂ ಬಂತು. ಸೋತು ಎರಡು ದಿನ ಆಗಿತ್ತು ಮೇಡಂ. ಗೆದ್ವಿ ಅನ್ನೋಕೆ ನಾಚಿಕೆ ಆಯ್ತು."

"ಆನೆ ನುಂಗಿದವನ ಗಂಟಲಲ್ಲಿ ಬಾಲ ಸಿಕ್ಕಿಕೊಳ್ತು" ಎಂದು ಮುಖ್ಯಪೇದೆ ಗೊಣಗಿದ. ಹೀನಾಯ ಮಾಡಲು ಹೇಳಿದ ಮಾತಲ್ಲ ಅದು. ದನಿಯಲ್ಲಿ ಮರುಕವೇ ಇತ್ತು.

ಇನ್‌ಸ್ಪೆಕ್ಟರ್ ಹಾಳೆಯನ್ನು ನೆನೆದರು. ಹೆಸರು ಕೇಳಿದ್ದಕ್ಕೆ ತನ್ನ ಹೆಸರು ಹೇಳಿದ್ದ. ಕ್ಲಬ್ ಕೇಳಿದ್ದಕ್ಕೆ ತನ್ನ ಕ್ಲಬ್ ಹೇಳಿದ್ದ. ಪಂದ್ಯ ಕೇಳಿದ್ದಕ್ಕೆ ತನ್ನ ಸೋಲು ಹೇಳಿದ್ದ. ಇಪ್ಪತ್ತೈದು ನಿಮಿಷದಲ್ಲಿ ಒಂದೇ ಒಂದು ಸುಳ್ಳಾಡಿರಲಿಲ್ಲ. ನಿಜದ ಇಟ್ಟಿಗೆಗಳನ್ನೇ ಒಂದರ ಮೇಲೊಂದಿಟ್ಟು ಸುಳ್ಳಿನ ಗೋಡೆ ಎಬ್ಬಿಸಿದ್ದ. ಆ ಗೋಡೆ ಬಿದ್ದದ್ದು ಇನ್ನೊಬ್ಬನ ತಲೆಯ ಮೇಲೆ.

"ಪೆಟ್ಟಾದ ಮೇಲೆ ಅವರ ಮನೆಗೆ ಹೋಗಿದ್ರಾ?"

"ಹೋಗಿದ್ದೆ. ಮಾರನೇ ದಿನ."

"ಮನೇಲಿ ಏನಂದ್ರು?"

ಮೂರು ಸಲ ಕೇಳಿದರು. ಮೂರು ಸಲವೂ ಅವನು ಉಕ್ಕಿನ ಹಗ್ಗದ ಕಡೆ ನೋಡಿದ. ಹೇಳಿಕೆಯಲ್ಲಿ ಆ ಪ್ರಶ್ನೆಯ ಮುಂದೆ ‘ಉತ್ತರಿಸಲಿಲ್ಲ’ ಎಂದು ದಾಖಲಾಯಿತು.

ಹನ್ನೊಂದು ಐವತ್ತಕ್ಕೆ, ಸೋಗು ಹಾಕಿ ವಂಚಿಸಿದ ಆರೋಪದ ಮೇಲೆ ಬಂಧನ. ಮನೆಯವರಿಗೆ ತಿಳಿಸಬೇಕೆಂದಾಗ ತಾನೇ ಹೇಳುತ್ತೇನೆಂದು ಫೋನು ಕೇಳಿದ. "ಅಮ್ಮಾ, ಇವತ್ತು ಮನೆಗೆ ಬರಲ್ಲ. ಕೆಲಸ ಅಲ್ಲ. ತಪ್ಪು ಮಾಡಿದೀನಿ." ಆ ಕಡೆಯಿಂದ ಏನು ಕೇಳಿಸಿತೋ, ಫೋನನ್ನು ಎರಡೂ ಕೈಯಲ್ಲಿ ಹಿಡಿದು ಹಿಂದಕ್ಕೆ ಕೊಟ್ಟ. ಹೊರಡುವ ಮುಂಚೆ ಲಿಫ್ಟನ್ನು ಚಾಲೂ ಮಾಡಿ, ಪುಸ್ತಕದಲ್ಲಿ ಸಮಯ ಬರೆದು ಸಹಿ ಹಾಕಿದ.

ಸಂಜೆ ಇನ್‌ಸ್ಪೆಕ್ಟರ್ ವೈದ್ಯರಿಗೆ ವಿಷಯ ತಿಳಿಸಿದರು. ಆರೋಪಿಯ ಸ್ಥಾನದಿಂದ ನಿಮ್ಮ ಹೆಸರು ತೆಗೆಯುವಂತೆ ನ್ಯಾಯಾಲಯಕ್ಕೆ ವರದಿ ಹೋಗುತ್ತದೆ ಎಂದರು. ವೈದ್ಯರು ಕೈ ಮುಗಿಯಲಿಲ್ಲ, ನಿಟ್ಟುಸಿರೂ ಬಿಡಲಿಲ್ಲ. ಮುಖಕ್ಕೆ ಅಂಕ ಕೊಡೋ ಜಾಗ ಆ ಹಾಳೆಯಲ್ಲಿ ಇಲ್ಲಮ್ಮಾ, ಆದ್ರೆ ಅದು ನೆಪ ಅಷ್ಟೆ, ಎಂದರು.

ಮಾರ್ಚ್ 26, ಗುರುವಾರ, ಬೆಳಗ್ಗೆ ಹತ್ತು ಇಪ್ಪತ್ತು. ತನಿಖೆಯ ಪ್ರಗತಿ ತಿಳಿಸಲು ದೂರುದಾರಳನ್ನು ಕರೆಸಿದ್ದರು. ಗಂಡ ಅಂದು ಬೆಳಗ್ಗೆ ಎರಡು ಚಮಚ ಗಂಜಿ ನುಂಗಿದ್ದನಂತೆ. ಇವಳನ್ನು ನೋಡಿ, ನೀವು ನರ್ಸಾ ಎಂದು ಕೇಳಿದ್ದನಂತೆ. ಇನ್‌ಸ್ಪೆಕ್ಟರ್ ಎಲ್ಲವನ್ನೂ ಹೇಳಿದರು. ಮುಗಿದ ಮೇಲೆ ಆಕೆ ಕೇಳಿದ್ದು ಒಂದೇ.

"ನಾನಂದ ಮಾತು ಅವನು ಹೇಳಲಿಲ್ವಾ?"

"ಯಾವ ಮಾತು?"

ಮಾರ್ಚ್ 4ರ ಸಂಜೆ ಅವನು ಹಣ್ಣಿನ ಚೀಲ ಹಿಡಿದು ಬಾಗಿಲಿಗೆ ಬಂದಿದ್ದ. ಒಳಗೆ ಗಂಡ ಕಿಟಕಿ ಮುಚ್ಚಿದ ಕೋಣೆಯಲ್ಲಿ ಹಣೆಯ ಮೇಲೆ ಒದ್ದೆ ಬಟ್ಟೆ ಹಾಕಿಕೊಂಡು ಮಲಗಿದ್ದ. ಆಕೆ ಅವನನ್ನು ಒಳಗೆ ಕರೆಯಲಿಲ್ಲ. ಬಾಗಿಲ ಸಂದಿಯಿಂದಲೇ ಮಾತಾಡಿದಳು.

"ಹದಿನಾಲ್ಕು ವರ್ಷ ಇವರು ಕಾದಿದ್ದು ಈ ಒಂದು ಫೈನಲ್ಲಿಗೆ, ಅದನ್ನ ನೀನು ಕಿತ್ಕೊಂಡೆ, ಮಾನ ಅನ್ನೋದಿದ್ರೆ ನೀನೇ ತಂದುಕೊಡು ಅಂದೆ." ಆಕೆಯ ದನಿ ಏರಲಿಲ್ಲ. "ಇನ್ನೂ ಒಂದಿದೆ. ಹದಿನಾರನೇ ತಾರೀಕು ಇವರು ಮನೆ ಬಿಟ್ಟು ಹೋಗೇ ಇರಲಿಲ್ಲ. ಸಾಯಂಕಾಲ ಕಾಗದ ಮನೆಗೆ ಬಂತು. ಎಲ್ಲಿಂದ ಬಂತು ಅಂತ ನಾನು ಕೇಳಲಿಲ್ಲ. ಇವರು ಎಷ್ಟೋ ದಿನ ಆದ ಮೇಲೆ ನಗ್ತಾ ಇದ್ರು. ಡಾಕ್ಟರು ನೋಡದೇ ಬರೆದುಕೊಟ್ಟಿದಾರೆ ಅಂತ ಅಂದುಕೊಂಡೆ. ಅವತ್ತು ಅದು ಒಳ್ಳೇದೇ ಅನ್ನಿಸಿತ್ತು."

ಮುಖ್ಯಪೇದೆ ಪೆನ್ನು ಕೆಳಗಿಟ್ಟ.

"ಬರ್ಕೊಳಿ" ಎಂದಳು.

"ಬಾಗಿಲಲ್ಲಿ ಆಡಿದ ಮಾತು ಅಪರಾಧ ಅಲ್ಲಮ್ಮಾ" ಎಂದರು ಇನ್‌ಸ್ಪೆಕ್ಟರ್. "ಯಾವ ಕಲಮಿಗೂ ಬರಲ್ಲ."

"ಗೊತ್ತು. ಆದ್ರೂ ಬರ್ಕೊಳಿ."

ಹೆಚ್ಚುವರಿ ಹೇಳಿಕೆಯಾಗಿ ಬರೆದರು, ಓದಿ ಹೇಳಿದರು. ಆಕೆ ಸಹಿ ಹಾಕಿದಳು.

ಹನ್ನೊಂದು ಗಂಟೆಗೆ ಆರೋಪಿಯನ್ನು ನ್ಯಾಯಾಲಯಕ್ಕೆ ಕರೆದೊಯ್ಯಬೇಕಿತ್ತು. ಒಳಗಿನ ಬೀಗ ತೆಗೆಯುವ ಸದ್ದು ಕೇಳಿ ಆಕೆ ಎದ್ದಳು. "ಹಿಂದಿನ ಬಾಗಿಲಿಂದ ಹೋಗ್ಲಾ ಮೇಡಂ?"

"ಇಲ್ಲಿರೋದು ಒಂದೇ ಬಾಗಿಲಮ್ಮಾ."

ಪೇದೆಯ ಜೊತೆ ಅವನು ಹೊರಗೆ ಬಂದ. ಹೊಸ್ತಿಲ ಹತ್ತಿರ ಇಬ್ಬರೂ ನಿಂತರು. ದಾಟಲು ಒಬ್ಬರಿಗೊಬ್ಬರು ದಾರಿ ಬಿಟ್ಟರು, ಇಬ್ಬರೂ ದಾಟಲಿಲ್ಲ. ಮೊದಲು ತಲೆ ತಗ್ಗಿಸಿದ್ದು ಯಾರೆಂದು ಮುಖ್ಯಪೇದೆ ಕಾಣಲಿಲ್ಲ. ಅವನೂ ನೆಲ ನೋಡುತ್ತಿದ್ದ.